ಬೀದಿಗೆಲ್ಲ ಚಿಕ್ಕಮ್ಮ

ಆಕೆಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಆಕೆ ಪಕ್ಕದವರ ಮುಖ ನೋಡುತ್ತಿದ್ದಳು. ಬೀದಿಗೆಲ್ಲ ಆಕೆ ಚಿಕ್ಕಮ್ಮ. ತರಕಾರಿ ಅಂಗಡಿಯವಳಿಗೂ ಚಿಕ್ಕಮ್ಮ, ತರಕಾರಿ ಅಂಗಡಿಯವಳ ಅತ್ತೆಗೂ ಚಿಕ್ಕಮ್ಮ. ವಯಸ್ಸಿನಲ್ಲಿ ಆಕೆಯ ತಂದೆಯಂತಿದ್ದ ಚಪ್ಪಲಿ ಹೊಲಿಯುವವನು ಕೂಡ ಬೊಚ್ಚುಬಾಯಿ ತೆರೆದು, "ಏನು ಚಿಕ್ಕಮ್ಮ, ಹಿಮ್ಮಡಿ ಇಷ್ಟು ಬೇಗ ಸವೆಸಿದ್ದೀರಿ?" ಎಂದು ಕೇಳುತ್ತಿದ್ದ.

ಈ ಹೆಸರು ಬಂದದ್ದು ಅಕ್ಕನ ಶಾಲೆಯಿಂದ. ಬಡಾವಣೆಯ ಸಂಘದ ಕಟ್ಟಡದ ಕೆಳಮಹಡಿಯಲ್ಲಿ ಎರಡು ಕೋಣೆ, ಹಿಂದೆ ಒಂದು ಅಂಗಳ. ಅಲ್ಲಿ ಅಕ್ಕ ಪುಟ್ಟ ಮಕ್ಕಳಿಗಾಗಿ ಮಾಂಟೆಸ್ಸರಿ ಶಾಲೆ ತೆರೆದಳು. ಅಪ್ಪಂದಿರು ಗೋಡೆಗೆ ಸುಣ್ಣ ಬಳಿದರು, ಅಮ್ಮಂದಿರು ಚಾಪೆಗಳಿಗೆ ಅಂಚು ಹೊಲಿದರು. ಮಕ್ಕಳ ಸೊಂಟದ ಎತ್ತರಕ್ಕೆ ನಲ್ಲಿ, ಮಕ್ಕಳ ಕೈಗೆಟಕುವಷ್ಟು ತಗ್ಗಿನ ಕಪಾಟು. ಗುಂಡಿ ಹಾಕಿ ಕಲಿಯುವ ಚೌಕಟ್ಟು, ಕಾಳು ಸುರಿದು ಕಲಿಯುವ ಗಾಜಿನ ಜಗ್ಗು, ಬೆರಳಾಡಿಸಿ ಕಲಿಯುವ ಉಪ್ಪುಕಾಗದದ ಅಕ್ಷರ, ಎಣಿಸಿ ಕಲಿಯುವ ಮಣಿ. ಎಲ್ಲಕ್ಕೂ ಒಂದೊಂದು ತಟ್ಟೆ, ಒಂದೊಂದು ಜಾಗ. ಇಷ್ಟೆಲ್ಲ ಆದಮೇಲೆ ಟೀಚರನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಬಂತು. "ಮಿಸ್ ಅಂದ್ರೆ ಮಕ್ಕಳು ಬೆನ್ನು ಸೆಟೆಸ್ಕೊಂಡು ಕೂತ್ಕೋತವೆ. ಅದು ಬೇಡ," ಎಂದಳು ಅಕ್ಕ. ಹಾಗಾಗಿ ಅಕ್ಕ ದೊಡ್ಡಮ್ಮನಾದಳು, ತಂಗಿ ಚಿಕ್ಕಮ್ಮನಾದಳು. ಮಕ್ಕಳು ಕರೆದರು, ಮಕ್ಕಳ ಅಪ್ಪ ಅಮ್ಮ ಕರೆದರು, ಕೊನೆಗೆ ಬೀದಿಯೇ ಕರೆಯಿತು.

ತಂಗಿಗೆ ಶಾಲೆ ಬೇಕಿರಲಿಲ್ಲ ಎಂಬುದು ಯಾರಿಗೂ ತಿಳಿಯದ ವಿಷಯ. ಆಗ ಆಕೆ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಓರೆ ಮೇಜು, ತೆಳು ಕಾಗದ, ಸೂಜಿಮೊನೆಯ ಪೆನ್ನು. ಹೊಳೆಗೊಂದು ಗೆರೆ, ರಸ್ತೆಗೆರಡು ಗೆರೆ. ಇಡೀ ದಿನ ಯಾರೊಡನೆಯೂ ಮಾತಾಡದಿದ್ದರೂ ನಡೆಯುತ್ತಿತ್ತು, ಅದೇ ಆಕೆಗೆ ಸುಖ. ಅಂಥವಳ ಹತ್ತಿರ ಅಕ್ಕ ಬಂದು, "ಆರು ತಿಂಗಳು ಕೈ ಜೋಡಿಸು. ಶಾಲೆ ನಿಂತ್ಕೊಳ್ಳಲಿ. ಆಮೇಲೆ ನಿನ್ನ ದಾರಿ ನಿನಗೆ," ಎಂದಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡಿದ್ದ ಅಕ್ಕ, ಬಹಳ ದಿನದ ಮೇಲೆ ಏನನ್ನೋ ಆಸೆಪಟ್ಟು ಕೇಳುತ್ತಿದ್ದಳು. ಅಲ್ಲದೆ ಅಕ್ಕನ ಮಾತಿಗೆ ಇಲ್ಲ ಅನ್ನುವುದೆಂದರೆ ಹರಿಯುವ ನೀರಿಗೆ ಅಂಗೈ ಅಡ್ಡ ಇಟ್ಟ ಹಾಗೆ. ತಂಗಿ ರಜೆ ಹಾಕಿ ಬಂದಳು. ಶಾಲೆ ನಿಂತುಕೊಂಡಿತು. ತಂಗಿಯೂ ಅಲ್ಲೇ ನಿಂತುಬಿಟ್ಟಳು.

ನಡುವೆ ಒಂದು ಮದುವೆಯ ಮಾತು ಬಂದಿತ್ತು. ನಕ್ಷೆ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಬೇಡ ಅಂತ ಯಾರೂ ಅನ್ನಲಿಲ್ಲ. ಆ ವರ್ಷ ಮಕ್ಕಳು ಜಾಸ್ತಿ ಸೇರಿದ್ದರು, ಸಹಾಯಕ್ಕಿದ್ದವಳು ಬಿಟ್ಟು ಹೋಗಿದ್ದಳು. ಈ ವರ್ಷ ಕಳೆಯಲಿ ಅಂದಳು ತಂಗಿ. ಅವನು ಕಾದ. ಮುಂದಿನ ವರ್ಷ ಅಂಗಳದ ಚಾವಣಿ ಬಿತ್ತು. ಅವನು ಇನ್ನೂ ಸ್ವಲ್ಪ ಕಾದ. ಆಮೇಲೆ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ವರ್ಷಗಳು ಹೀಗೇ ಉರುಳಿದವು. ಶಾಲೆಗೆ ಅಕ್ಕ ಬಾಯಿ, ತಂಗಿ ಕೈ. ಶಾಲೆ ನೋಡಲು ಬಂದವರೊಡನೆ ಅಕ್ಕ ಮಾತಾಡುತ್ತಿದ್ದರೆ ಅವರು ಗಡಿಯಾರ ನೋಡುವುದನ್ನು ಮರೆಯುತ್ತಿದ್ದರು. "ಮಗು ಮಾಡೋದನ್ನ ನೀವು ಮಾಡಿಕೊಟ್ರೆ ಅದು ಸಹಾಯ ಅಲ್ಲ, ಕಳ್ಳತನ," ಎಂದು ಅವಳು ಹೇಳಿದಾಗ ಅಮ್ಮಂದಿರು ಮಗುವಿನ ಬೂಟಿಗೆ ಹಾಕಿದ್ದ ಕೈಯನ್ನು ಬಿಸಿ ತಾಗಿದಂತೆ ಹಿಂದೆಗೆಯುತ್ತಿದ್ದರು. ಅದೇ ಹೊತ್ತಿಗೆ ಚಿಕ್ಕಮ್ಮ ಹಿಂದಿನ ಅಂಗಳದಲ್ಲಿ ಜಗ್ಗು ತೊಳೆಯುತ್ತಲೋ, ಹರಿದ ಮಣಿಸರ ಪೋಣಿಸುತ್ತಲೋ, ಯಾರದೋ ಒದ್ದೆ ಚಡ್ಡಿ ಹಿಂಡುತ್ತಲೋ ಇರುತ್ತಿದ್ದಳು. ಕೆಲಸವೆಲ್ಲ ನೆಲದ ಮೇಲೆ. ದಿನಕ್ಕೆ ಎಷ್ಟು ಸಲ ಕೂತು ಎದ್ದಳೋ, ಮಂಡಿಗಳು ಲೆಕ್ಕ ಇಟ್ಟುಕೊಂಡಿದ್ದವು. ಶಾಲೆಯಲ್ಲಿ ಮೆಲ್ಲಗೆ ಮಾತಾಡಿ ಮಾತಾಡಿ ಆಕೆಯ ದನಿಯೇ ಹಾಗಾಗಿತ್ತು. ಬಸ್ಸು ನಿಲ್ಲಿಸಲು ಕೂಗಿದರೂ ಡ್ರೈವರಿಗೆ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಒಬ್ಬ ಪುಟ್ಟ ಹುಡುಗನ ಎದುರು ಚಾಪೆ ಹಾಸಿ ಕೂತಿದ್ದಳು. ಎರಡು ಹಲಗೆ: ಒಂದಕ್ಕೆ ಉಪ್ಪುಕಾಗದ ಅಂಟಿಸಿದೆ, ಇನ್ನೊಂದು ನಯ. ಸಾವಿರ ಸಲ ಮಾಡಿದ ಪಾಠ. "ಇದು ಒರಟು. ಇದು ನುಣುಪು," ಎಂದು ಮೊದಲು ಹೇಳಿಕೊಡಬೇಕು. "ಒರಟು ಯಾವುದು ತೋರಿಸು," ಎಂದು ಆಮೇಲೆ ಕೇಳಬೇಕು. ಕೊನೆಗೆ ಹಲಗೆ ಎತ್ತಿ ಹಿಡಿದು, "ಇದೇನು?" ಅನ್ನಬೇಕು. ಅಕ್ಕ ಹಲಗೆ ಎತ್ತಿದಳು. ಅದನ್ನು ತಿರುಗಿಸಿ ನೋಡಿದಳು. ಬೆರಳಿನಿಂದ ಸವರಿದಳು. "ಇದೇನು?" ಎಂದಳು.

"ಒರಟು," ಎಂದ ಹುಡುಗ.

"ಹೌದಾ?" ಎಂದಳು ಅಕ್ಕ.

ಕೋಣೆಯ ಇನ್ನೊಂದು ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ಚಿಕ್ಕಮ್ಮನ ಕೈ ಅಲ್ಲೇ ನಿಂತಿತು. ಅದು ಟೀಚರ್ ಕೇಳುವ "ಹೌದಾ" ಆಗಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಕೇಳುವ "ಹೌದಾ" ಆಗಿತ್ತು.

ಆಮೇಲಿನದು ಮೆಲ್ಲಗೆ ಜಾರಿದ ಕಥೆ. ಅಕ್ಕನ ತಲೆಯಿಂದ ಮಕ್ಕಳ ಹೆಸರು ಹೋದವು, ದಿನಗಳು ಹೋದವು, ಮನೆಗೆ ಬರುವ ದಾರಿ ಹೋಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ವಾಸಿಯಾಗುವ ಕಾಯಿಲೆಯಲ್ಲ ಎಂದು ನೇರವಾಗಿ ಹೇಳಿದರು. ಅಕ್ಕ ಪಾಠ ಮಾಡುವುದು ನಿಂತಿತು. ಅವಳ ಜಾಗಕ್ಕೆ ಸಂಘದವರು ಹೊಸದಾಗಿ ತರಬೇತಿ ಮುಗಿಸಿದ್ದ ಹುಡುಗಿಯೊಬ್ಬಳನ್ನು ತಂದರು. ದೊಡ್ಡಮ್ಮ, ಚಿಕ್ಕಮ್ಮ ಎರಡೂ ಖರ್ಚಾಗಿದ್ದರಿಂದ ಮಕ್ಕಳು ಅವಳನ್ನು ಅತ್ತೆ ಅಂದರು. ಮದುವೆಗೆ ಮುಂಚೆಯೇ ಅತ್ತೆಯಾದವಳು ಎಂದು ಅಪ್ಪಂದಿರು ಗೇಟಿನ ಬಳಿ ನಗುತ್ತಿದ್ದರು. ಪಾಪ, ಅವಳು ಕಿವಿಯವರೆಗೆ ಕೆಂಪಾಗುತ್ತಿದ್ದಳು.

ಅಕ್ಕನನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಒಂದು ದಿನ ಗ್ಯಾಸು ತೆರೆದಿಟ್ಟಿದ್ದಳು. ಇನ್ನೊಂದು ದಿನ ಬಸ್ ನಿಲ್ದಾಣದಲ್ಲಿ ಬರಿಗಾಲಲ್ಲಿ ಕೂತಿದ್ದಳು. ಬೇರೆ ದಾರಿ ಕಾಣದೆ ಚಿಕ್ಕಮ್ಮ ಅವಳನ್ನು ಕೈ ಹಿಡಿದು ಶಾಲೆಗೇ ಕರೆತರತೊಡಗಿದಳು. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದಳು. ಅಕ್ಕ ಸ್ವಲ್ಪ ಹೊತ್ತು ಕೂತಳು. ಆಮೇಲೆ ತಾನೇ ಎದ್ದು, ಕಪಾಟಿನಿಂದ ಜಗ್ಗಿನ ತಟ್ಟೆ ಎತ್ತಿಕೊಂಡು ಬಂದು, ಒಂದು ಜಗ್ಗಿನಿಂದ ಇನ್ನೊಂದಕ್ಕೆ ಕಾಳು ಸುರಿಯತೊಡಗಿದಳು. ಒಂದು ಕಾಳೂ ಚೆಲ್ಲಲಿಲ್ಲ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ.

ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಬ್ಬರು ತೆಗೆದುಕೊಂಡ ಕೆಲಸವನ್ನು ಅವರು ಕಪಾಟಿಗೆ ವಾಪಸ್ ಇಡುವತನಕ ಇನ್ನೊಬ್ಬರು ಮುಟ್ಟಬಾರದು, ಅಷ್ಟೇ ಶಾಲೆಯ ನಿಯಮ. ಹೊಸದಾಗಿ ಸೇರಿದ ಮಗು ಹತ್ತಿರ ಹೋದರೆ ಹಳಬರು ತಡೆಯುತ್ತಿದ್ದರು: "ಶ್! ದೊಡ್ಡಮ್ಮ ಕೆಲಸ ಮಾಡ್ತಿದಾರೆ."

ತೊಂದರೆ ಏನೆಂದರೆ ದೊಡ್ಡಮ್ಮನ ಕೆಲಸ ಮುಗಿಯುತ್ತಲೇ ಇರಲಿಲ್ಲ. ಬೇಕರಿಯವನ ಮಗಳಿಗೆ, ಎಲ್ಲರೂ ಗುಬ್ಬಿ ಅನ್ನುತ್ತಿದ್ದ ಪುಟ್ಟ ಹುಡುಗಿಗೆ, ಅದೇ ಜಗ್ಗು ಬೇಕಿತ್ತು. ಅವಳು ದಿನಾ ಕೈ ಹಿಂದೆ ಕಟ್ಟಿಕೊಂಡು ಕುರ್ಚಿಯ ಪಕ್ಕ ನಿಂತು ಕಾಯುತ್ತಿದ್ದಳು. ಚಿಕ್ಕಮ್ಮ ಇನ್ನೊಂದು ಜೊತೆ ಜಗ್ಗು ತಂದಿಟ್ಟರೂ ಅವಳಿಗೆ ಅದು ಬೇಡ. ಕೊನೆಗೆ ಒಂದು ಬೆಳಿಗ್ಗೆ, "ದೊಡ್ಡಮ್ಮ, ನಿಮ್ದಾಯ್ತಾ?" ಎಂದಳು. ಅಕ್ಕ ಕಾಳು ಸುರಿಯುತ್ತಲೇ ಇದ್ದಳು. ಇನ್ನೊಮ್ಮೆ ಕೇಳಿದಳು. ಆಮೇಲೆ ಮೆಲ್ಲನೆ ಕೈ ಚಾಚಿ ಜಗ್ಗಿನ ಹಿಡಿ ಹಿಡಿದಳು.

ಹೊಡೆತದ ಸದ್ದು, ಗಾಜು ಒಡೆದ ಸದ್ದು ಒಟ್ಟಿಗೇ ಕೇಳಿಸಿತು. ಗುಬ್ಬಿಯ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಅವಳು ಅಳಲಿಲ್ಲ, ಆಶ್ಚರ್ಯದಿಂದ ಬಾಯಿ ತೆರೆದು ನಿಂತಿದ್ದಳು. ಅತ್ತದ್ದು ಅಕ್ಕ. "ನಂಗೆ ಹೊಡೆದ್ರು, ನೋಡೇ, ನಂಗೆ ಹೊಡೆದ್ರು," ಎಂದು ತಂಗಿಯ ಕಡೆ ಕೈ ಚಾಚಿ ಚಿಕ್ಕ ಮಗುವಿನಂತೆ ಬಿಕ್ಕುತ್ತಿದ್ದಳು.

ಚಿಕ್ಕಮ್ಮ ಅಕ್ಕನ ಬಳಿಗೂ ಹೋಗಲಿಲ್ಲ, ಹುಡುಗಿಯ ಬಳಿಗೂ ಹೋಗಲಿಲ್ಲ. ಪೊರಕೆ ತಂದಳು. ಕೋಣೆ ತುಂಬ ಬರಿಗಾಲಿನ ಮಕ್ಕಳಿದ್ದರು.

ಅದೇ ವಾರ ಒಂದು ಸಂಜೆ ಸಭೆ ಸೇರಿತು. ಶಾಲೆಯಲ್ಲಿ ದೊಡ್ಡವರ ಕುರ್ಚಿ ಅಂತ ಇದ್ದದ್ದು ಒಂದೇ, ಅದರಲ್ಲಿ ಸಂಘದ ಅಧ್ಯಕ್ಷರು ಕೂತರು. ನಿವೃತ್ತ ಪೋಸ್ಟ್ ಮಾಸ್ಟರು, ಯಾರ ಮನಸ್ಸನ್ನೂ ನೋಯಿಸದೆ ಎಲ್ಲ ಕೆಲಸ ಮುಗಿಸಬೇಕೆನ್ನುವವರು. ಉಳಿದವರೆಲ್ಲ ಮಕ್ಕಳ ಕುರ್ಚಿಗಳಲ್ಲಿ, ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಹಾಗೆ ಕೂತವರಿಗೆ ಸಿಟ್ಟು ಮಾಡುವುದು ಕಷ್ಟ. ಆದರೂ ಒಬ್ಬಿಬ್ಬರು ಮಾಡಿದರು. ಮಕ್ಕಳ ಜಾಗಕ್ಕೆ ಕಾಯಿಲೆಯವರನ್ನ ತರೋದು ಸರಿಯಾ ಅಂದರು. ನಾಳೆ ಇನ್ನೇನಾದರೂ ಆದರೆ ಅಂದರು. ಬೇಕರಿಯವನೂ ಅಲ್ಲಿದ್ದ. ದಪ್ಪ ತೋಳಿನ, ಕಣ್ಣಲ್ಲಿ ಸದಾ ನಿದ್ದೆ ತುಂಬಿಕೊಂಡಿದ್ದ ಮನುಷ್ಯ. ಅವನೂ ಅದೇ ಶಾಲೆಯಲ್ಲಿ, ಮೊದಮೊದಲ ವರ್ಷಗಳಲ್ಲಿ ಕಲಿತವನು.

"ಚಿಕ್ಕಮ್ಮ, ನಾನು ಹೇಗಿದ್ದೆ ಅಂತ ನಿಮಗೆ ಗೊತ್ತು," ಎಂದ ಕೊನೆಗೆ. "ಕಚ್ಚೋನು, ಒದೆಯೋನು. ನಮ್ಮಪ್ಪ ಹೊಡೆದ, ನಮ್ಮಜ್ಜಿ ಹೊಡೆದ್ರು. ಹೊಡೆಯದೇ ಇದ್ದೋರು ಇಡೀ ಬೀದೀಲಿ ದೊಡ್ಡಮ್ಮ ಒಬ್ರೇ. ನನಗೇ ಹೊಡೆಯದೋರು ನನ್ನ ಮಗಳಿಗೆ ಹೊಡೆದ್ರಲ್ಲ..."

ಚಿಕ್ಕಮ್ಮ, "ನಾಳೆಯಿಂದ ಅಕ್ಕನ್ನ ಕರ್ಕೊಂಡು ಬರಲ್ಲ," ಎಂದಳು.

ಸಭೆ ಉಸಿರು ಬಿಟ್ಟಿತು. ಬೇಜಾರು ಮಾಡ್ಕೋಬೇಡಿ ಚಿಕ್ಕಮ್ಮ, ನಮಗೂ ಅರ್ಥ ಆಗತ್ತೆ, ಎಂದು ನಾಲ್ಕಾರು ದನಿ ಕೇಳಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಸರಿ, ಇನ್ನು ಹಿಂದಿನ ನಲ್ಲಿ ಸೋರ್ತಾ ಇರೋ ವಿಷಯ," ಎಂದು ಮುಂದಕ್ಕೆ ಹೊರಟರು.

"ನಾನೂ ಬರಲ್ಲ," ಎಂದಳು ಚಿಕ್ಕಮ್ಮ.

"ಅಂದ್ರೆ?"

"ಅವಳನ್ನ ನೋಡ್ಕೊಳ್ಳೋರು ಬೇರೆ ಯಾರಿದಾರೆ? ನಾನು ಮನೇಲಿರಬೇಕಲ್ಲ."

ಬೆದರಿಸಲೆಂದು ಆಡಿದ ಮಾತಲ್ಲ. ಅಷ್ಟು ಹೊತ್ತೂ ಅದು ಒಬ್ಬರಿಗೂ ಹೊಳೆದಿರಲಿಲ್ಲ, ನಿಜ ಹೇಳಬೇಕೆಂದರೆ ಚಿಕ್ಕಮ್ಮನಿಗೂ ಬಾಯಿಗೆ ಬಂದಮೇಲೆಯೇ ಹೊಳೆದದ್ದು. ಬೆಳಕು ಕೊಡುತ್ತಿರುವಷ್ಟು ದಿನ ದೀಪದ ಕಡೆ ಯಾರು ನೋಡುತ್ತಾರೆ? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕಮ್ಮನಿಗೆ ಆ ಮುಖಗಳ ಮೇಲೆ ಕರುಣೆ ಬರಲಿಲ್ಲ. ಒಳಗೆಲ್ಲೋ ಒಂದು ಹಗುರ ಎದ್ದು ಬಂತು: ನಾಳೆ ಜಗ್ಗು ತೊಳೆಯಬೇಕಿಲ್ಲ, ನಾಳೆ ನೆಲದ ಮೇಲೆ ಕೂರಬೇಕಿಲ್ಲ. ಅಕ್ಕನ ಕಾಯಿಲೆಯಿಂದ ತನಗೆ ರಜೆ ಸಿಕ್ಕಿತಲ್ಲ ಎಂದು ಖುಷಿಪಡುತ್ತಿದ್ದೇನೆ ಅನ್ನಿಸಿ, ಮನೆಯವರೆಗೂ ತಲೆ ಎತ್ತದೆ ನಡೆದಳು.

ರಜೆ ರಜೆಯಾಗಲಿಲ್ಲ. ಮನೆಯಲ್ಲಿ ಎರಡು ಕೋಣೆ, ಇಬ್ಬರು ಹೆಂಗಸರು, ಮುಗಿಯದ ಹಗಲು. ಅಕ್ಕ ಬೆಳಿಗ್ಗೆ ಎದ್ದು ಚೀಲ ಹಿಡಿದು ಬಾಗಿಲ ಬಳಿ ನಿಲ್ಲುತ್ತಿದ್ದಳು. "ಹೊತ್ತಾಯ್ತು ಕಣೇ, ಮಕ್ಕಳು ಬಂದಿರ್ತಾರೆ." ಇವತ್ತು ರಜೆ ಎಂದರೆ ಒಪ್ಪಿ ಕೂರುತ್ತಿದ್ದಳು, ಬಟ್ಟಲಲ್ಲಿದ್ದ ಚಹಾ ಆರುವ ಮುಂಚೆ ಮತ್ತೆ ಬಾಗಿಲಲ್ಲಿ ಇರುತ್ತಿದ್ದಳು. ಕೋಣೆ ತುಂಬ ಮಕ್ಕಳನ್ನು ದನಿಯೆತ್ತದೆ ಸಂಭಾಳಿಸಿದವಳಿಗೆ ಅಕ್ಕ ಒಬ್ಬಳನ್ನು ಸಂಭಾಳಿಸುವುದಾಗಲಿಲ್ಲ.

ಒಂದು ಬೆಳಿಗ್ಗೆ ಚಳಿ ಇತ್ತು. ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ, ಬಿಚ್ಚಿ ಮತ್ತೆ ಅದೇ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಚಿಕ್ಕಮ್ಮ ನೋಡಿದಳು, ನೋಡಿದಳು, ತಾಳ್ಮೆ ತಪ್ಪಿತು. "ಬಿಡು ಇಲ್ಲಿ! ಒಂದು ಗುಂಡಿ ಹಾಕೋಕೆ ಎಷ್ಟು ಹೊತ್ತು? ನಾನೇ ಹಾಕ್ತೀನಿ!" ಎಂದು ಕಿರುಚಿ, ಅಕ್ಕನ ಕೈ ತಳ್ಳಿ, ಸರಸರನೆ ಗುಂಡಿ ಹಾಕಿಬಿಟ್ಟಳು. ಇಷ್ಟು ವರ್ಷ ಕೇಳಿಸದೇ ಇದ್ದ ಆ ದನಿ ಪಕ್ಕದ ಮನೆಗೂ ಕೇಳಿಸಿರಬೇಕು, ಅಲ್ಲಿ ಯಾರೋ ಕಿಟಕಿ ಮುಚ್ಚಿದರು. ಅಕ್ಕ ಅಳಲಿಲ್ಲ. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಆ ಕೈಗಳನ್ನು ಚಿಕ್ಕಮ್ಮ ಬಹಳ ದಿನ ಮರೆಯಲಿಲ್ಲ. ಹಾಲು ಉಕ್ಕಿ ಒಲೆ ಆರಿಹೋಯಿತು. ಆಕೆ ಗ್ಯಾಸು ಮುಚ್ಚಿ ಬಂದು, ಅಕ್ಕನ ಸ್ವೆಟರಿನ ಗುಂಡಿಗಳನ್ನೆಲ್ಲ ಮತ್ತೆ ಬಿಚ್ಚಿದಳು. ಪಕ್ಕದಲ್ಲಿ ಕೂತು, ತನ್ನ ಸ್ವೆಟರಿನ ಗುಂಡಿಯನ್ನು ಮಾತಿಲ್ಲದೆ, ನಿಧಾನವಾಗಿ, ಕಾಜದ ಅಂಚಿಗೆ ತಂದು, ಅರ್ಧ ತೂರಿಸಿ, ಆಚೆಯಿಂದ ಎಳೆದು ತೋರಿಸಿದಳು. ಇದನ್ನು ಹೀಗೆ ತೋರಿಸಬೇಕೆಂದು ಆಕೆಗೆ ಹೇಳಿಕೊಟ್ಟವಳೇ ಅಕ್ಕ. ಅಕ್ಕ ನೋಡಿ ಒಂದು ಗುಂಡಿ ಹಾಕಿದಳು. ಆಮೇಲೆ ಇನ್ನೊಂದು.

ಮಾರನೆಯ ದಿನ ಅದೆಲ್ಲ ಮರೆತುಹೋಗಿತ್ತು. ಮಕ್ಕಳಿಗೆ ಒಮ್ಮೆ ಕಲಿಸಿದರೆ ನಿಲ್ಲುತ್ತದೆ, ಮೇಲೆ ಇನ್ನೊಂದು ಕೂರುತ್ತದೆ. ಇಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ದಿನಾ ಮೊದಲಿಂದ. ಅದರಲ್ಲೂ ನಿನ್ನೆಗಿಂತ ಇವತ್ತು ಒಂದು ಗುಂಡಿ ಕಡಿಮೆ. ಗೊತ್ತಿದ್ದೂ ಚಿಕ್ಕಮ್ಮ ದಿನಾ ತೋರಿಸುತ್ತಿದ್ದಳು. ಪ್ರೀತಿಯಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಿರುಚುವುದಕ್ಕಿಂತ ಇದರಲ್ಲಿ ದಣಿವು ಕಡಿಮೆ, ಅಷ್ಟೆ.

ಅತ್ತ ಶಾಲೆಯಲ್ಲಿ ಅತ್ತೆಯ ಪಾಡು ಹೇಳತೀರದು. ಅಮ್ಮಂದಿರು ಸರದಿಯ ಮೇಲೆ ಸಹಾಯಕ್ಕೆ ಬಂದರು. ದರ್ಜಿ ಅಂಗಡಿಯ ಹೆಂಗಸು ಹತ್ತು ನಿಮಿಷದಲ್ಲಿ ಎಲ್ಲ ಮಕ್ಕಳ ಬೂಟಿನ ದಾರ ತಾನೇ ಕಟ್ಟಿ, "ಮುಗೀತಲ್ಲ, ಇನ್ನೇನು ಕೆಲಸ?" ಎಂದಳಂತೆ. ಇನ್ನೊಬ್ಬಳು ತನ್ನ ಮಗನನ್ನು ಮಾತ್ರ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ಹೋಗುವ ಹೊತ್ತಿನವರೆಗೂ ಮುದ್ದಾಡಿದಳಂತೆ. ಒಂದು ಸಂಜೆ ಅತ್ತೆ ಚಿಕ್ಕಮ್ಮನ ಮನೆಗೆ ಬಂದು ಅಡುಗೆಮನೆಯ ಮಣೆಯ ಮೇಲೆ ಕುಸಿದಳು.

"ಚಿಕ್ಕಮ್ಮ, ನಾನಿವತ್ತು ಮಕ್ಕಳ ಮೇಲೆ ಕಿರುಚಿಬಿಟ್ಟೆ."

"ನಾನೂ ಕಿರುಚಿದೆ."

"ನೀವಾ? ಯಾರ ಮೇಲೆ?"

ಚಿಕ್ಕಮ್ಮ ಕಣ್ಣಲ್ಲೇ ಒಳಕೋಣೆ ತೋರಿಸಿದಳು. ಆಮೇಲೆ ಯಾರು ಮೊದಲು ನಕ್ಕರೋ, ನಗುತ್ತ ನಗುತ್ತ ಅತ್ತೆ ಅಳತೊಡಗಿದಳು. "ನನ್ನ ಕೈಲಾಗಲ್ಲ ಚಿಕ್ಕಮ್ಮ."

"ಆಗತ್ತೆ. ನನ್ನ ಕೈಲೂ ಆಗ್ತಿರಲಿಲ್ಲ. ಆಗದೇ ಇದ್ರೂ ದಿನ ಕಳೀತು," ಎಂದಳು ಚಿಕ್ಕಮ್ಮ. ಅದಕ್ಕಿಂತ ಒಳ್ಳೆಯ ಸಮಾಧಾನ ಆಕೆಯ ಬಳಿ ಇರಲಿಲ್ಲ.

ಅತ್ತೆ ಹೊರಗೆ ಹೋಗಿ ಏನು ಹೇಳಿದಳೋ, ಎರಡು ದಿನದ ಮೇಲೆ ಬೇಕರಿಯವನು ಬಂದ. ಕೈಯಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ. ಒಳಗೆ ಬಾ ಅಂದರೂ ಹೊಸ್ತಿಲಲ್ಲೇ ನಿಂತ.

"ಚಿಕ್ಕಮ್ಮ, ನಾನು ಬೆಳಗಿನ ಜಾವಕ್ಕೆಲ್ಲ ಒಲೆ ಕೆಲಸ ಮುಗಿಸ್ತೀನಿ. ಆಮೇಲೆ ಅಂಗಡಿ ನನ್ನ ಹೆಂಡತಿ ನೋಡ್ಕೋತಾಳೆ. ನಾನು ಮಲಗಬೇಕು, ಆದ್ರೆ ನಿದ್ದೆ ಬರಲ್ಲ. ಮಧ್ಯಾಹ್ನದವರೆಗೂ ಗೋಡೆ ನೋಡ್ಕೊಂಡು ಕೂತಿರ್ತೀನಿ." ಪೊಟ್ಟಣ ಚಿಕ್ಕಮ್ಮನ ಕೈಗಿಟ್ಟು, "ಶಾಲೆ ಪಕ್ಕದಲ್ಲಿ ಚಾಪೆ ಇಡೋ ಕೋಣೆ ಇದೆಯಲ್ಲ, ಅಲ್ಲಿ ದೊಡ್ಡಮ್ಮನ ಜೊತೆ ಕೂತಿರ್ತೀನಿ. ನೀವು ಪಕ್ಕದಲ್ಲೇ ಪಾಠ ಮಾಡಿ. ಅಧ್ಯಕ್ಷರನ್ನ ಕೇಳಿದೀನಿ, ಹೂಂ ಅಂದಿದಾರೆ," ಎಂದ.

"ಅವಳು ಹೊಡೀತಾಳೆ ಕಣಪ್ಪ."

"ಹೊಡೀಲಿ. ನಾನು ಅವರ ಕೈ ಕಚ್ಚಿದ್ದೆ, ರಕ್ತ ಬರೋ ಹಾಗೆ. ಆ ಬಾಕಿ ಹಾಗೇ ಇದೆ."

ಚಿಕ್ಕಮ್ಮ ತಕ್ಷಣ ಒಪ್ಪಲಿಲ್ಲ. ಮತ್ತೆ ಜಗ್ಗು, ಮತ್ತೆ ನೆಲ ಎಂದು ಮಂಡಿಗಳು ಒಳಗೇ ಗೊಣಗಿದವು. ಒಲ್ಲೆ ಅನ್ನಲೂ ತ್ರಾಣ ಬೇಕು. ಅದಿಲ್ಲದೆ ಒಪ್ಪಿದಳು ಅಂದರೂ ಸರಿಯೇ.

ಚಾಪೆಯ ಕೋಣೆಯನ್ನು ಗುಡಿಸಿ ಎರಡು ಕುರ್ಚಿ ಹಾಕಿದರು. ಮಕ್ಕಳ ಏಪ್ರನ್ನುಗಳು, ಕೈ ಒರೆಸುವ ಬಟ್ಟೆಗಳು ಮಡಿಸಲು ಬರುತ್ತಿದ್ದವು. ಅಕ್ಕ ಮಡಿಸುತ್ತಿದ್ದಳು, ಅವು ಮುಗಿದರೆ ಬೇಕರಿಯವನು ಸದ್ದಿಲ್ಲದೆ ಬಿಚ್ಚಿ ಮತ್ತೆ ಎದುರಿಗಿಡುತ್ತಿದ್ದ. ಮನೆಯಲ್ಲಿ ಬಾರದ ನಿದ್ದೆ ಅವನಿಗೆ ಅಲ್ಲಿ ಕೂತಲ್ಲೇ ಬರುತ್ತಿತ್ತು. ಒಮ್ಮೆ ಚಿಕ್ಕಮ್ಮ ಬಾಗಿಲಲ್ಲಿ ಇಣುಕಿದಾಗ ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಅಕ್ಕ ಮಡಿಸಿದ ಏಪ್ರನ್ನುಗಳನ್ನು ಒಂದೊಂದಾಗಿ ಅವನ ಮೇಲೆ ಹೊದಿಸುತ್ತಿದ್ದಳು. ತಂಗಿಯನ್ನು ಕಂಡು ಬೆರಳು ತುಟಿಗಿಟ್ಟು ಹತ್ತಿರ ಕರೆದಳು. "ಈ ಹುಡುಗನಿಗೆ ಮನೇಲಿ ನಿದ್ದೆ ಸಾಲ್ತಿಲ್ಲ ಕಣೇ. ಇವನಮ್ಮ ಬಂದಾಗ ಹೇಳ್ಬೇಕು," ಎಂದು ಪಿಸುಗುಟ್ಟಿದಳು. ಅಷ್ಟು ಹೊತ್ತು ಅವಳು ಮತ್ತೆ ಟೀಚರಾಗಿದ್ದಳು. ಹೇಳ್ತೀನಿ ಅಕ್ಕ, ಎಂದಳು ಚಿಕ್ಕಮ್ಮ.

ಎಲ್ಲ ದಿನಗಳೂ ಹಾಗಿರಲಿಲ್ಲ. ಒಂದು ದಿನ ಅಕ್ಕ ಅವನ ಮುಖ ಪರಚಿದಳು. ಕೆಲವು ದಿನ ತಂಗಿಯನ್ನೇ ಯಾರು ನೀನು ಎಂದು ಕೇಳಿದಳು. ಗುಬ್ಬಿ ಮಾತ್ರ ಬಹಳ ತಿಂಗಳು ಆ ಕೋಣೆಯ ಬಾಗಿಲು ದಾಟಲಿಲ್ಲ. ದಾಟು ಅಂತ ಅವಳಿಗೆ ಯಾರೂ ಹೇಳಲೂ ಇಲ್ಲ.

ಮುಂದಿನ ವರ್ಷ ಅಕ್ಕ ನಡೆಯುವುದನ್ನು ಬಿಟ್ಟಳು, ಆಮೇಲೆ ನುಂಗುವುದನ್ನು. ರಜೆಯ ದಿನವೊಂದರ ಮಧ್ಯಾಹ್ನ, ಚಿಕ್ಕಮ್ಮ ಹೊದಿಕೆ ಸರಿಮಾಡುತ್ತಿದ್ದಾಗ, ತೀರಿಕೊಂಡಳು. ಬೀದಿಯೆಲ್ಲ ಬಂತು. ಮೀಸೆ ಬಂದವರು, ಮಕ್ಕಳ ಕೈ ಹಿಡಿದವರು, ಒಂದು ಕಾಲಕ್ಕೆ ಅವಳ ಎದುರು ಚಾಪೆಯ ಮೇಲೆ ಕೂತವರು ಅತ್ತರು. ಚಿಕ್ಕಮ್ಮನಿಗೆ ಅಳು ಬರಲಿಲ್ಲ, ನಿದ್ದೆ ಬಂತು. ಎಲ್ಲ ಮುಗಿದು ಜನ ಚದುರಿದಮೇಲೆ ಆಕೆ ಮಲಗಿ, ಮರುದಿನ ಅತ್ತೆ ಬಂದು ಬಾಗಿಲು ಬಡಿಯುವವರೆಗೂ ಏಳಲಿಲ್ಲ.

ಇನ್ನು ಚಿಕ್ಕಮ್ಮನಿಗೆ ಶಾಲೆಯೇ ಜೀವ, ಅಲ್ಲೇ ಉಸಿರಿರುವವರೆಗೂ ಇರುತ್ತಾಳೆ ಎಂದು ಬೀದಿ ತೀರ್ಮಾನಿಸಿತ್ತು. ಗೋಡೆಗೆ ದೊಡ್ಡಮ್ಮನ ಫೋಟೋ ಹಾಕಿಸುವ ಮಾತಾಡಲು ಕರೆದ ಸಭೆಯಲ್ಲಿ ಆಕೆ, ವರ್ಷ ಮುಗಿದಮೇಲೆ ತಾನು ಬಿಡುತ್ತೇನೆ ಎಂದಳು. ಅಧ್ಯಕ್ಷರು ಗಾಬರಿಯಾದರು. "ಯಾಕೆ ಚಿಕ್ಕಮ್ಮ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ನಿಮ್ಮ ಮಕ್ಕಳನ್ನ ಸಾಕಿದೆ, ಅಕ್ಕನ್ನ ಸಾಕಿದೆ. ಸಾಕಿದ್ದು ಸಾಕು."

ಜನ ನಕ್ಕರು. ಆಕೆ ನಗಲಿಲ್ಲವಾದ್ದರಿಂದ ನಿಲ್ಲಿಸಿದರು. ಇದು ಅಕ್ಕನ ಶಾಲೆಯಲ್ಲವಾ, ಬಿಟ್ಟು ಹೇಗಿರ್ತೀರಿ ಎಂದು ಯಾರೋ ಕೇಳಿದರು. "ಹೌದು, ಅಕ್ಕನ ಶಾಲೆ," ಎಂದಳು ಚಿಕ್ಕಮ್ಮ. ಅತ್ತೆ ಅವತ್ತು ಕಣ್ಣು ಒರೆಸಿಕೊಂಡರೂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತಿದ್ದಳು. ಅಷ್ಟು ಹೊತ್ತಿಗೆ ಅವಳ ದನಿಯೂ ತಗ್ಗಿತ್ತು, ಮಕ್ಕಳು ಅವಳ ಮಾತು ಕೇಳತೊಡಗಿದ್ದರು.

ಕೆಲಸ ಬಿಟ್ಟಮೇಲೆ ಚಿಕ್ಕಮ್ಮ ನಕ್ಷೆ ಬರೆಯಲು ಕೂರಲಿಲ್ಲ. ಆ ಕಚೇರಿಯಲ್ಲಿ ಈಗ ಎಲ್ಲ ಕಂಪ್ಯೂಟರು, ಆಕೆಯ ಕಣ್ಣೂ ಸೂಕ್ಷ್ಮ ಗೆರೆಗೆ ಆಗುತ್ತಿರಲಿಲ್ಲ. ಊರು ಸುತ್ತಲಿಲ್ಲ, ಹೊಸ ಹವ್ಯಾಸ ಹಿಡಿಯಲಿಲ್ಲ. ಹೊತ್ತಾಗಿ ಏಳುತ್ತಿದ್ದಳು. ಬಿಸಿಲು ಬಂದಮೇಲೆ ಬೇಕರಿಯ ಮುಂದಿನ ಬೆಂಚಿನ ಮೇಲೆ, ಬೆನ್ನು ಗೋಡೆಗೆ ಒರಗಿಸಿ, ಮಂಡಿ ಚಾಚಿ ಕೂರುತ್ತಿದ್ದಳು. ದಣಿವು ಹೋಗಿರಲಿಲ್ಲ. ಆದರೆ ಅದರ ಮೇಲೆ ಹೊಸ ದಣಿವು ಬಂದು ಬೀಳುತ್ತಿರಲಿಲ್ಲ.

ಗುಬ್ಬಿ ಈಗ ದೊಡ್ಡ ಶಾಲೆಗೆ ಹೋಗುತ್ತಿದ್ದಳು. ಒಂದು ಶನಿವಾರ ಚೀಲ ಬೆನ್ನಿಗಿದ್ದ ಹಾಗೇ ಅಪ್ಪನ ಅಂಗಡಿಯ ಮುಂದೆ ಬಂದು ನಿಂತಳು.

"ಚಿಕ್ಕಮ್ಮ, ನೀವೀಗ ಏನು ಕೆಲಸ ಮಾಡ್ತೀರಿ?"

"ಏನೂ ಇಲ್ಲ. ಕೂತಿರ್ತೀನಿ."

"ಸುಮ್ನೇನಾ?"

"ಸುಮ್ನೇನೇ."

ಗುಬ್ಬಿ ಅದನ್ನು ಯೋಚಿಸಿದಳು. ಇದು ಕಷ್ಟದ ಕೆಲಸವೋ ಸುಲಭದ ಕೆಲಸವೋ ಅವಳಿಗೆ ತಿಳಿದ ಹಾಗೆ ಕಾಣಲಿಲ್ಲ. ಚೀಲ ಇಳಿಸಿ, ಬೆಂಚಿನ ಆಚೆ ತುದಿಯಲ್ಲಿ ಹತ್ತಿ ಕೂತು, ಗೋಡೆಗೆ ಒರಗಿದಳು. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ರಸ್ತೆಯಲ್ಲಿ ಹಾಲಿನ ಗಾಡಿ ಹೋಯಿತು, ಸೈಕಲ್ಲುಗಳು ಹೋದವು. ಸ್ವಲ್ಪ ಹೊತ್ತಿಗೆ ಅವಳಪ್ಪ ಒಳಗಿನಿಂದ ಬಂದು ಇಬ್ಬರ ನಡುವೆ ಎರಡು ಬನ್ ಇಟ್ಟು ವಾಪಸ್ ಹೋದ.